ಜುಮಾಕಾದಿರನ ಹಳೆ ವ್ಯಾನು

ನಮ್ಮೂರಿನ ಜುಮಾಕಾದಿರ್ ತನ್ನ ಹಳೆ ವ್ಯಾನನ್ನು ಕುದುರೆಯಂತೆಯೇ ಸಾಕುತ್ತಾನೆ. ಚಳಿಗಾಲದಲ್ಲಿ ಅದರ ಮೂತಿಗೆ ಉಣ್ಣೆಯ ಕಂಬಳಿ ಹೊದಿಸುತ್ತಾನೆ, ಬೆಳಗಾದರೆ ಎಂಜಿನ್ನಿನ ಅಡಿಗೆ ಬಾಣಲೆ ತುಂಬ ಬೆರಣಿಯ ಕೆಂಡ ಇಡುತ್ತಾನೆ. ನೀರು ಹೆಪ್ಪುಗಟ್ಟಿ ರೇಡಿಯೇಟರ್ ಒಡೆದೀತೆಂದು ಸಂಜೆಯೇ ಎಲ್ಲ ಬಸಿದುಬಿಡುವುದರಿಂದ, ಪೇಟೆಗೆ ಹೊರಟವರೆಲ್ಲ ಬೆಳಿಗ್ಗೆ ಒಂದೊಂದು ಕೆಟಲು ಬಿಸಿನೀರು ತಂದು ಅದಕ್ಕೆ ಕುಡಿಸಬೇಕು. "ಚಹಾಪುಡಿನೂ ಹಾಕ್ಲೇನಣ್ಣ?" ಎಂದು ಹೆಂಗಸರು ರೇಗಿಸಿದರೆ, "ಹಾಕಮ್ಮ, ಹಾಕ್ದಿದ್ರೂ ನಿನ್ನ ಗಂಡನಿಗಿಂತ ಬೇಗ ಎದ್ದೇಳುತ್ತೆ" ಎನ್ನುತ್ತಾನೆ. ಬಾಗಿಲಿಗೆ ಹಗ್ಗ, ಕಿಟಕಿಗೆ ಹಲಗೆ, ಸೀಟಿಗೆ ನಾನೇ ಕೊಟ್ಟ ಹಳೆ ಜಮಖಾನ. ಮಗಳು ಹೊಸ ವ್ಯಾನು ಕೊಡಿಸುತ್ತೇನೆಂದಾಗ, "ಹೊಸದರ ಗುಣ ಯಾರಿಗ್ಗೊತ್ತು? ಇದು ಕೆಮ್ಮಿದ್ರೆ ಎಲ್ಲಿ ನೋವು ಅಂತ ನಂಗೊತ್ತು" ಎಂದುಬಿಟ್ಟ. ಆದರೆ ವಾರದಲ್ಲಿ ಮೂರು ದಿನ ಅವನು ಯಾರ ಕೆಟಲನ್ನೂ ಕೇಳುವುದಿಲ್ಲ. ಅವು ನನ್ನ ನೆರೆಮನೆಯ ಬುರುಲ್ಚಾ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಘಟ್ಟದಾಚೆಯ ಆಸ್ಪತ್ರೆಗೆ ಹೋಗುವ ದಿನಗಳು. ಒಂದು ಸರದಿ ತಪ್ಪಿದರೂ ಅವಳ ಜೀವಕ್ಕೆ ಕುತ್ತು. ಆ ದಿನ ನಾವು ಬರುವಷ್ಟರಲ್ಲಿ ಎಂಜಿನ್ನು ಬಿಸಿಯಾಗಿರುತ್ತದೆ, ಹೊಸ ಹಿಮದ ಮೇಲೆ ಒಬ್ಬನೇ ಘಟ್ಟದ ನೆತ್ತಿಯವರೆಗೂ ಹೋಗಿ ತಿರುಗಿ ಬಂದ ಚಕ್ರದ ಗುರುತುಗಳಿರುತ್ತವೆ. "ಗಾಡಿ ಘಟ್ಟ ಹತ್ತುತ್ತೇನೋ ತಮ್ಮ?" ಎಂದು ಬುರುಲ್ಚಾ ಪ್ರತಿ ಸಲವೂ ಕೇಳುತ್ತಾಳೆ. "ನೋಡೋಣ ಅಕ್ಕ, ದೇವರಿದ್ದಾನೆ" ಎಂದು ಅವನೂ ಪ್ರತಿ ಸಲ ಹೇಳುತ್ತಾನೆ. ಅವಳು ಆ ಗುರುತುಗಳನ್ನು ನೋಡಿಯೂ ನೋಡದವಳಂತೆ ಹತ್ತಿ ಕೂತು, ಘಟ್ಟದ ಮೊದಲ ತಿರುವು ಬರುವ ಮುಂಚೆಯೇ ನಿದ್ದೆ ಹೋಗುತ್ತಾಳೆ.