ಹೆಸರುಕಾಳು ತೂಗಿದ ಅಕ್ಕೋರು

ನಮ್ಮ ವಿಜ್ಞಾನದ ಅಕ್ಕೋರ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಪುಸ್ತಕ ಹಿಡಿದಾಗಲೂ, ಬಸ್ಸಿನ ಕಂಬಿ ಹಿಡಿದಾಗಲೂ ಉಳಿದ ಬೆರಳುಗಳಿಂದ ದೂರ ಸರಿದು ಅದೊಂದು ಕಡ್ಡಿಯ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಅದರ ಬುಡದಲ್ಲಿ ಬೆಳ್ಳಗಿನ ಗಾಯದ ಗೆರೆ. ಎಂಟನೆಯ ತರಗತಿಯ ಮೊದಲ ದಿನ ನಾವೆಲ್ಲ ಆ ಬೆರಳನ್ನೇ ನೋಡುತ್ತಿದ್ದೆವು. ಅಕ್ಕೋರು ಕೈ ಎತ್ತಿ ಹಿಡಿದರು.

"ಸರಿಯಾಗಿ ನೋಡ್ರಿ. ಕಾಲೇಜಿನ್ಯಾಗ ಗಾಜಿನ ಕೊಳವಿ ಬೂಚಿನ್ಯಾಗ ತುರುಕಾಕತ್ತಿದ್ದೆ. ನೀರು ಹಚ್ಚಿ ತುರುಕಬೇಕಿತ್ತು, ಅವಸರ ಮಾಡಿದೆ. ಗಾಜು ಒಡದು ನರಾ ಕತ್ತರಿಸ್ತು. ತಪ್ಪು ನಂದು. ಇವತ್ತಿನ ಪಾಠ ಇಷ್ಟ."

ತನ್ನ ತಪ್ಪನ್ನು ಪಾಠ ಮಾಡಿ ಹೇಳಿದ ಮಾಸ್ತರರನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಆಮೇಲೂ ಕಂಡಿಲ್ಲ.

ನಮ್ಮದು ಉಪ್ಪಿನಬೆಟಗೇರಿ ಕಡೆಯ ಒಂದು ಊರು. ಅಪ್ಪ ಪಂಪಸೆಟ್ಟಿನ ಮೆಕ್ಯಾನಿಕ್. ಅಕ್ಕೋರು ಧಾರವಾಡದ ಮಾಳಮಡ್ಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಹೆಗಲಿಗೊಂದು ಖಾದಿಯ ಚೀಲ. ಅದರಲ್ಲಿ ಬುತ್ತಿಯ ಜೊತೆಗೆ ಆಯಸ್ಕಾಂತವೋ ಭೂತಗನ್ನಡಿಯೋ ಏನಾದರೂ ಒಂದು ಇದ್ದೇ ಇರುತ್ತಿತ್ತು. ಸಾಲಿಯ ಹಿಂದಿನ ಸೋರುವ ಕೋಣೆಯನ್ನು ತಾವೇ ಸುಣ್ಣ ಬಳಿಸಿ ಪ್ರಯೋಗಾಲಯ ಮಾಡಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯೊಂದು, ಒಣಗಿಸುವ ಓವನ್ ಒಂದು, ಆರೇಳು ಉಷ್ಣಮಾಪಕ. ಅಷ್ಟೇ ಅಲ್ಲಿಯ ಐಶ್ವರ್ಯ.

ಯಾರು ಯಾವ ಉತ್ತರ ಹೇಳಿದರೂ ಅವರದು ಒಂದೇ ಮರುಪ್ರಶ್ನೆ: "ಹೆಂಗ ಗೊತ್ತಾತು?" ಪುಸ್ತಕದಾಗ ಐತ್ರಿ ಅಂದರೆ, "ಪುಸ್ತಕಕ್ಕ ಹೆಂಗ ಗೊತ್ತಾತು?" ಎನ್ನುತ್ತಿದ್ದರು. ಒಮ್ಮೆ ನೀರು ಎಷ್ಟಕ್ಕೆ ಕುದಿಯುತ್ತದೆ ಎಂದು ನೋಡುವ ಪ್ರಯೋಗ. ನನ್ನ ಉಷ್ಣಮಾಪಕ ತೊಂಬತ್ತೆಂಟರ ಹತ್ತಿರ ನಿಂತುಬಿಟ್ಟಿತು. ನಾನು ಜಾಣತನ ಮಾಡಿ ನೂರು ಎಂದು ಬರೆದೆ.

"ನಿನ್ನ ಕಣ್ಣಿಗೆ ಎಷ್ಟು ಕಾಣ್ತು?"

"ತೊಂಬತ್ತೆಂಟ್ರಿ."

"ಮತ್ತ ನೂರು ಯಾಕ ಬರದಿ?"

"ಪುಸ್ತಕದಾಗ ನೂರು ಐತ್ರಿ ಅಕ್ಕೋರ."

ಅವರು ಹೊಡೆಯಲಿಲ್ಲ. ಸೊನ್ನೆ ಹಾಕಿದರು. ಆಮೇಲೆ ಇಡೀ ತರಗತಿಯ ಕಡೆ ತಿರುಗಿ, "ಪುಸ್ತಕ ಬರದಾವ್ರು ಸಮುದ್ರದ ದಂಡಿಮ್ಯಾಲೆ ಕುಂತು ಬರದಾರ. ಧಾರವಾಡ ಎತ್ತರದಾಗ ಐತಿ, ಇಲ್ಲಿ ನೀರು ಲಗೂ ಕುದಿತೈತಿ. ಇವನ ಕಣ್ಣು ಖರೇ ಹೇಳಿತ್ತು. ಇವನ ಕೈ ಸುಳ್ಳ ಬರೀತು" ಅಂದರು.

ನಾನು ಡಿಪ್ಲೊಮಾ ಓದಿದ್ದು ಅವರಿಂದ. ಅರ್ಜಿ ತಂದುಕೊಟ್ಟವರು ಅವರು, ಅಪ್ಪನನ್ನು ಗ್ಯಾರೇಜಿಗೇ ಹೋಗಿ ಒಪ್ಪಿಸಿದವರು ಅವರು. ಮುಂದೆ ನನಗೆ ಅಳತೆಯ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆ ಹಾಕುವ ಕೆಲಸ ಸಿಕ್ಕಿತು. ಕಚೇರಿಯ ಹೆಸರು ಇಲ್ಲಿ ಬೇಡ. ಧಾರವಾಡ ಪೇಡೆ ತಗೊಂಡು ಹೋಗಿ ಕಾಲಿಗೆ ಬಿದ್ದೆ. ಅಕ್ಕೋರಿಗೆ ಆದ ಸಂತೋಷ ಅಪ್ಪನಿಗೂ ಆಗಿರಲಿಲ್ಲ.

"ಛಲೋ ಕೆಲಸಪಾ ತಮ್ಮಾ. ಮಂದಿ ಕಾಯ್ದೆ ಅಂದ್ರ ಮೂಗು ಮುರೀತಾರ. ಕಾಯ್ದೆ ಬೇಕು. ಅದು ಇರಲಿಲ್ಲಂದ್ರ ದೊಡ್ಡಾವ್ರು ಹೇಳಿದ್ದ ತೂಕ ಆಗತೈತಿ. ನಿನ್ನ ಮುದ್ರಿ ನೋಡಿ ಬಡವರು ನಂಬ್ತಾರ, ನೆನಪಿಟ್ಕೊ."

ಇದಾಗಿ ಹದಿನೈದು ವರ್ಷಗಳ ಮೇಲೆ, ಅಕ್ಕೋರ ನಿವೃತ್ತಿಗೆ ಎರಡು ವರ್ಷ ಇರುವಾಗ, ನಮ್ಮೂರ ಸಾಲಿಯ ಪಕ್ಕದ ಗೋದಾಮಿನಲ್ಲಿ ಹೆಸರುಕಾಳಿನ ಸರ್ಕಾರಿ ಖರೀದಿ ಕೇಂದ್ರ ತೆರೆಯಿತು. ಕಾಳಿನಲ್ಲಿ ತೇವ ಎಷ್ಟಿದೆ ಎಂದು ತೋರಿಸುವ ಹೊಸ ಯಂತ್ರ ಬಂತು. ಹೊರದೇಶದ್ದು. ಹಿಡಿ ಕಾಳು ಹಾಕಿ ಗುಂಡಿ ಒತ್ತಿದರೆ ಅಂಕಿ ಮಿಣುಕುತ್ತಿತ್ತು. ನಿಗದಿಗಿಂತ ಹೆಚ್ಚಿದ್ದರೆ ಮಾಲು ವಾಪಸು. ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿ, ಮಾಲೆ ಹಾಕಿ, ಕಾಯಿ ಒಡೆದರಂತೆ.

ಆ ವರ್ಷ ಬಂದವರಲ್ಲಿ ಬಹಳ ಜನರ ಕಾಳು ಹಸಿ ಎಂದು ವಾಪಸಾಯಿತು. ಅಮ್ಮಿನಬಾವಿಯ ಒಬ್ಬ ಹೆಣ್ಣುಮಗಳು ನಾಲ್ಕು ದಿನ ಮಾಳಿಗೆಯ ಮೇಲೆ ಒಣಗಿಸಿ ತಂದಿದ್ದಳು. ಹಸಿ ಅಂದರು. ಗಾಡಿ ತಿರುಗಿಸಿಕೊಂಡು ಹೋಗಿ ಮತ್ತೆ ಎರಡು ದಿನ ಸುಡುಬಿಸಿಲಿಗೆ ಹಾಕಿ ತಂದಳು. ಯಂತ್ರ ಮತ್ತೆ ಹಸಿ ಅಂದಿತು. ಆಕೆ ಚೀಲ ಬಿಟ್ಟು ಸಾಲಿಯ ಕಟ್ಟೆಯ ಮೇಲೆ ಕೂತುಬಿಟ್ಟಳಂತೆ. ಅಕ್ಕೋರು ನೀರು ಕೊಟ್ಟು ಏನೆಂದು ಕೇಳಿದರು.

"ಹಲ್ಲಿನ್ಯಾಗ ಇಟ್ಟು ಕಡದ್ರ ಟಕ್ ಅಂತೈತ್ರಿ ಅಕ್ಕೋರ. ಮಿಷನ್ ನೋಡಿದ್ರ ಹಸಿ ಅಂತೈತಿ. ನಾ ಯಾರನ್ನ ನಂಬ್ಲಿ? ನನ್ನ ಹಲ್ಲನ್ನೋ, ಮಿಷನ್ನನ್ನೋ?"

"ಎರಡನ್ನೂ ನಂಬಬ್ಯಾಡವಾ. ತಾ ಇಲ್ಲೆ, ತೂಗೂಣು."

ಕಾಳನ್ನು ಕುಟ್ಟಿ ಹಿಟ್ಟು ಮಾಡಿ ತೂಗಿದರು. ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗಿದರು. ಇನ್ನು ತೂಕ ಇಳಿಯದು ಎನ್ನುವವರೆಗೂ ಹಾಗೆಯೇ ಮಾಡಿದರು. ಇಳಿದದ್ದೆಷ್ಟೋ ಅಷ್ಟೇ ಅದರಲ್ಲಿದ್ದ ನೀರು. ಇದಕ್ಕಿಂತ ಸರಳ ಲೆಕ್ಕ ಇಲ್ಲ. ಆಕೆಯ ಕಾಳು ಒಣಗಿತ್ತು. ಮರುದಿನ ಬೇರೆಯವರ ಕಾಳು, ಅದರ ಮರುದಿನ ಮತ್ತೊಬ್ಬರದು. ಪ್ರತಿ ಸಲವೂ ಯಂತ್ರ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತಿತ್ತು. ಅಕ್ಕೋರು ಕೇಂದ್ರಕ್ಕೆ ಹೋಗಿ ಯಂತ್ರದ ಜೊತೆ ಬಂದಿದ್ದ ಪುಸ್ತಿಕೆಯನ್ನು ಕೇಳಿ ಪಡೆದು ಓದಿದರು. ಅದನ್ನು ಅಲ್ಲಿಯವರೆಗೆ ಯಾರೂ ಬಿಡಿಸಿಯೇ ಇರಲಿಲ್ಲ. ಒಂದೊಂದು ಕಾಳಿಗೆ ಒಂದೊಂದು ಸಂಖ್ಯೆ ಒತ್ತಬೇಕು. ಆ ಪಟ್ಟಿಯಲ್ಲಿ ನಮ್ಮ ಹೆಸರುಕಾಳೇ ಇಲ್ಲ. ನಡೆಸುವವರು ಯಾವುದೋ ಪರದೇಶದ ಕಾಳಿನ ಸಂಖ್ಯೆ ಒತ್ತಿ ಕೂತಿದ್ದರು.

ಅಕ್ಕೋರು ನಮ್ಮ ಕಚೇರಿಗೆ ಪತ್ರ ಬರೆದರು. ಎರಡು ಪುಟ, ಒಂದು ಕೋಷ್ಟಕ. ಯಾರನ್ನೂ ಬೈದಿರಲಿಲ್ಲ. ಕೊನೆಯ ಸಾಲು: "ನನ್ನ ಅಳತೆಯಲ್ಲಿ ತಪ್ಪಿದ್ದರೆ ದಯವಿಟ್ಟು ತೋರಿಸಿ, ತಿದ್ದಿಕೊಳ್ಳುತ್ತೇನೆ."

ಆ ಪತ್ರ ನನ್ನ ಮೇಜಿಗೇ ಬಂತು. ಪರೀಕ್ಷೆಗೆ ಹೋದವನೂ ನಾನೇ. ಅಕ್ಕೋರು ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿ ಮುಖ ಅರಳಿತು. "ನಿನ್ನ ಕಳಿಸ್ಯಾರೇನು? ಹಂಗಾದ್ರ ಚಿಂತಿಲ್ಲ" ಅಂದರು. ಆದರೂ ತಮ್ಮ ಅಂಕಿಗಳನ್ನು ತೋರಿಸಲಿಲ್ಲ. ನೀನೇ ಹೊಸದಾಗಿ ಅಳಿ ಎಂದು ಹೊರಗೆ ಹೋಗಿ ಕೂತರು. ನಾನು ಮಧ್ಯಾಹ್ನವಿಡೀ ಅಳೆದೆ. ಅವರಿಗೆ ಬಂದ ಉತ್ತರವೇ ನನಗೂ ಬಂತು.

ಚಹಾ ಕುಡಿಯುತ್ತ ಅಕ್ಕೋರು ಹೇಳಿದರು: "ಮಿಷನ್ ಬ್ಯಾಡ ಅಂತ ನಾ ಅನ್ನಾಕತ್ತಿಲ್ಲಪಾ. ತರಸ್ಲಿ, ಛಲೋ ಮಿಷನ್ನ ಐತದು. ಮಾಡಿದಾವ್ರು ನೂರು ಸಲ ತೂಗಿ, ನೂರು ಸಲ ತಿದ್ದಿ ಮಾಡಿರಬೇಕು. ನಾವು ಅದಕ್ಕ ಕುಂಕುಮ ಹಚ್ಚಿ ಕೈಮುಗದು ಕುಂತೇವಿ. ಮತ್ತ ಅವ್ರ ಜೋಡಿ ಪೈಪೋಟಿ ಮಾಡ್ತೇವಿ ಅಂತ ಭಾಷಣಾ ಮಾಡ್ತೇವಿ. ಹೆಂಗ ಮಾಡ್ತೀರಿ?"

ಸಂಜೆ ಕಚೇರಿಗೆ ಮರಳಿದರೆ ನನ್ನ ಮೇಲಧಿಕಾರಿಗಳು ವರದಿಯನ್ನು ಆಗಲೇ ಬರೆಸಿ ಇಟ್ಟಿದ್ದರು.

"ಆ ಮಿಷನ್ನಿಗೆ ಸರ್ಟಿಫಿಕೇಟ್ ಐತ್ರಿ. ಆ ಟೀಚರಬಾಯಾರ ತಕ್ಕಡಿಗೆ ಏನೈತಿ?"

"ಸರ್, ನಾನೂ ಅಳದೇನ್ರಿ. ಮಿಷನ್..."

"ನೀವು ಅಳದಿದ್ದೂ ಅದ ತಕ್ಕಡಿ ಮ್ಯಾಲ ಹೌದಲ್ರಿ? ಮುಂದಿನ ತಿಂಗಳ ನಿಮ್ಮ ಬಡ್ತಿ ಫೈಲು ಮ್ಯಾಲ ಹೊಂಟೈತಿ. ಸುಮ್ನ ಯಾಕ?"

ವರದಿ ಓದಿದೆ. ಯಂತ್ರಕ್ಕೆ ಮಾನ್ಯತಾ ಪತ್ರ ಚಾಲ್ತಿಯಲ್ಲಿದೆ. ಶಾಲೆಯ ತಕ್ಕಡಿಯನ್ನು ಈ ಕಚೇರಿ ಪರಿಶೀಲಿಸಿಲ್ಲ. ಶಿಕ್ಷಕಿಗೆ ಇಂಥ ಪರೀಕ್ಷೆ ನಡೆಸುವ ಅಧಿಕಾರ ಇಲ್ಲ. ಒಂದೊಂದು ವಾಕ್ಯವೂ ನಿಜ. ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಅಕ್ಷರವೂ ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಸಹಿ ಹಾಕುತ್ತಿರಲಿಲ್ಲವೇನೋ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಹಾಕುತ್ತಿದ್ದೆ.

ಅಲ್ಲಿಗೆ ಮುಗಿಯಲಿಲ್ಲ. ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ತಂತ್ರಜ್ಞಾನ ಮತ್ತು ದೇಶದ ಪ್ರಗತಿ ಎಂಬ ವಿಷಯದ ಮೇಲೆ ಸಮಾರಂಭ ನಡೆಯಿತು. ನಮ್ಮ ಸಾಹೇಬರು ಮಾತಾಡಿದರು. ಜಗತ್ತು ಓಡುತ್ತಿದೆ, ನಾವೂ ಓಡಬೇಕು, ಹಳ್ಳಿಯ ಸಾಲಿಯೊಂದರಲ್ಲಿ ಓವನ್ ಇಟ್ಟುಕೊಂಡು ಯಂತ್ರದ ಮೇಲೆ ಅಪನಂಬಿಕೆ ಹಬ್ಬಿಸುವವರು ದೇಶದ ಕಾಲು ಹಿಡಿದು ಎಳೆಯುತ್ತಿದ್ದಾರೆ ಎಂದರು. ಜನ ನಕ್ಕರು. ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ.

ಅಕ್ಕೋರಿಗೆ ನೋಟೀಸು ಹೋಯಿತು: ಸರ್ಕಾರಿ ಕೆಲಸಕ್ಕೆ ಅಡ್ಡಿ, ಶಾಲೆಯ ಸಲಕರಣೆಯ ದುರ್ಬಳಕೆ. ತಕ್ಕಡಿಯನ್ನು ವಶಕ್ಕೆ ತೆಗೆದುಕೊಂಡು ಬರಲು ನನ್ನನ್ನೇ ಕಳಿಸಿದರು. ನಾನು ಹೋದಾಗ ಅವರು ಅದರ ಗಾಜನ್ನು ಒರೆಸುತ್ತಿದ್ದರು. ಬಟ್ಟೆ ಪಕ್ಕಕ್ಕಿಟ್ಟು ಸರಿದು ನಿಂತರು. ನಾನು ಅಂಟುಪಟ್ಟಿ ಸುತ್ತಿ ಅರಗಿನ ಮುದ್ರೆ ಒತ್ತಿದೆ. ಒಂದಿಷ್ಟು ಅರಗು ಮೇಜಿನ ಮೇಲೆ ಬಿತ್ತು.

"ಸಹಿ ಎಲ್ಲಿ ಮಾಡ್ಬೇಕಪಾ?" ಅಂದರು. ತೋರಿಸಿದೆ. ಮಾಡಿದರು. ಆಮೇಲೆ ಕೇಳಿದರು:

"ಅವತ್ತ ನೀ ಅಳದಿದ್ಯಲ್ಲಾ, ಆ ಅಂಕಿ ವರದಿಯೊಳಗ ಬರದೀಯೇನು?"

"ಇಲ್ರಿ ಅಕ್ಕೋರ."

"ತಪ್ಪು ಬರದಿದ್ರ ಯಾರರೆ ತಿದ್ದತಿದ್ರು. ನೀ ಬರದ ಇಲ್ಲ."

ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಇರುತ್ತಿದ್ದ ಧ್ವನಿ ಅದು.

ಅವರನ್ನು ಜಿಲ್ಲೆಯ ಆ ತುದಿಯ ಒಂದು ಕಚೇರಿಗೆ ನಿಯೋಜಿಸಿದರು. ಪಾಠ ಇಲ್ಲ, ಮಕ್ಕಳಿಲ್ಲ. ಆವಕ ಜಾವಕ ಪುಸ್ತಕದಲ್ಲಿ ಬಂದ ಕಾಗದ, ಹೋದ ಕಾಗದ ಬರೆಯುವ ಕೆಲಸ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ನಡುವೆ ಇದ್ದ ಹೆಂಗಸು ಎರಡು ವರ್ಷ ಲಕೋಟೆಗಳಿಗೆ ನಂಬರು ಹಾಕಿ ಅಲ್ಲಿಂದಲೇ ನಿವೃತ್ತರಾದರು. ಬೀಳ್ಕೊಡುಗೆ ಮಾಡಲಿಲ್ಲ. ಪ್ರಯೋಗಾಲಯದ ಕೋಣೆಗೆ ಬೀಗ ಬಿತ್ತು. ಮುಂದೆ ಅಲ್ಲಿ ಬಿಸಿಯೂಟದ ಅಕ್ಕಿ ಚೀಲ ಇಟ್ಟರು. ಅಮ್ಮಿನಬಾವಿಯ ಆ ಹೆಣ್ಣುಮಗಳು ತನ್ನ ಕಾಳನ್ನು ಸಿಕ್ಕ ಬೆಲೆಗೆ ದಲಾಲರಿಗೆ ಹಾಕಿದಳೆಂದು ಕೇಳಿದೆ. ನನಗೆ ಬಡ್ತಿ ಬಂತು.

ಅವರು ನಿವೃತ್ತರಾದ ವರ್ಷವೇ ಮೇಲಿನಿಂದ ಸುತ್ತೋಲೆ ಬಂತು. ಹೆಸರುಕಾಳಿಗೆ ಈ ಯಂತ್ರ ತೇವವನ್ನು ಹೆಚ್ಚಾಗಿ ತೋರಿಸುವುದು ತಜ್ಞರ ಗಮನಕ್ಕೆ ಬಂದಿದೆ. ಕಾಳನ್ನು ಓವನ್ನಿನಲ್ಲಿ ಒಣಗಿಸಿ ತೂಗಿ ತಾಳೆ ನೋಡತಕ್ಕದ್ದು. ಯಂತ್ರ ನಡೆಸುವವರಿಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕುಟ್ಟುವುದು, ತೂಗುವುದು, ಒಣಗಿಸುವುದು ಎಲ್ಲ ಕಲಿಸಿದೆ. ಒಬ್ಬಾತ ಎದ್ದು ಕೇಳಿದ: "ಇದನ್ನ ಮೊದಲ ಯಾರು ಕಂಡು ಹಿಡದ್ರಿ ಸರ್?"

"ತಜ್ಞರು" ಅಂದೆ. ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಆ ವಾರವೇ ಸುತ್ತೋಲೆ ಹಿಡಿದುಕೊಂಡು ಮಾಳಮಡ್ಡಿಗೆ ಹೋದೆ. ಅಕ್ಕೋರು ಬಹಳ ಇಳಿದಿದ್ದರು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಎಂದು ತಂಗಿ ಹೇಳಿದರು. ನನ್ನನ್ನು ಕೂಡ್ರಿಸಿ, ಚಹಾ ಮಾಡಿಸಿ, ಕನ್ನಡಕ ಹಾಕಿಕೊಂಡು ಸುತ್ತೋಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಅವರ ಮುಖದಲ್ಲಿ ಕಹಿ ಏನಾದರೂ ಕಂಡರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕಾಣಲಿಲ್ಲ.

"ಒಂದು ಕಡೆ ತಪ್ಪೈತಿ" ಅಂದರು. "ಮುಚ್ಚಳ ಹಾಕಿ, ತಣ್ಣಗಾದ ಮ್ಯಾಲೆ ತೂಗಬೇಕು ಅಂತ ಬರದಿಲ್ಲ. ಬಿಸಿ ಇದ್ದಾಗ ತೂಗಿದ್ರ ತೂಕ ಕಡಿಮಿ ತೋರಸ್ತೈತಿ. ಮತ್ತ ಯಾರದರೆ ಒಣಗಿದ ಕಾಳು ಹಸಿ ಅಂತ ವಾಪಸ್ ಹೋಗ್ತೈತಿ. ಅವರಿಗೆ ಲಗೂ ಬರದು ಕಳಸು."

"ಅಕ್ಕೋರ, ನಂದು ದೊಡ್ಡ ತಪ್ಪಾತ್ರಿ."

ಅವರು ಕನ್ನಡಕ ತೆಗೆದು ಮಡಿಸಿದರು.

"ನನಗ ಹೇಳಿ ಏನ್ ಮಾಡ್ತಿ? ಕಾಗದದ ಮ್ಯಾಲ ಬರಿ. ಅವತ್ತ ನಾ ಅಳದಿದ್ದೆ, ಇಷ್ಟ ಬಂದಿತ್ತು ಅಂತ. ಈಗ ಯಾರೂ ನಿನ್ನ ತಿನ್ನಂಗಿಲ್ಲ."

ಹೂಂ ಅಂದು ಬಂದೆ. ಮುಚ್ಚಳ ಹಾಕಿ ತಣ್ಣಗಾದ ಮೇಲೆ ತೂಗಬೇಕು ಎನ್ನುವುದನ್ನು ಮರುದಿನವೇ ಬರೆದು ಕಳಿಸಿದೆ. ಇನ್ನೊಂದನ್ನು ಬರೆಯಲಿಲ್ಲ. ನಾಲ್ಕು ಸಲ ಕೂತೆ. ನಾಲ್ಕು ಸಲವೂ ವಿಷಯ ಎಂಬ ಸಾಲಿನ ಮುಂದೆ ಪೆನ್ನು ನಿಂತಿತು. ನನ್ನ ನಿವೃತ್ತಿಯಾದ ಮೇಲೆ ಬರೆದರಾಯಿತು ಎಂದುಕೊಂಡೆ.

ಮಳೆಗಾಲ ಮುಗಿಯುವುದರೊಳಗೆ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಬಂದವರು ಹೆಚ್ಚಿರಲಿಲ್ಲ. ಸರ್ಕಾರದ ಕಡೆಯಿಂದ ಯಾರೂ ಇರಲಿಲ್ಲ, ನನ್ನ ಹೊರತು. ನಾನೂ ಆ ದಿನ ರಜೆ ಹಾಕಿ ಹೋಗಿದ್ದೆ.

ಹದಿನೈದು ದಿನಗಳ ನಂತರ ಕಚೇರಿಗೆ ಒಂದು ಲಕೋಟೆ ಬಂತು. ಸುತ್ತೋಲೆಯ ಲೋಪವನ್ನು ಸಕಾಲದಲ್ಲಿ ಗುರುತಿಸಿ ವೈಜ್ಞಾನಿಕ ಮನೋಭಾವ ಮೆರೆದದ್ದಕ್ಕೆ ಅಭಿನಂದನಾ ಪತ್ರ. ನನ್ನ ಹೆಸರಿಗೆ. ಸಾಹೇಬರು ಎಲ್ಲರನ್ನೂ ಕರೆದು ಓದಿದರು, ಚಪ್ಪಾಳೆಯಾಯಿತು. ಇದು ನನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಕೈ ಕುಲುಕಿದರು, ಇನ್ನೊಬ್ಬರು ಬಾಯಿಗೆ ಪೇಡೆ ಇಟ್ಟರು. ನುಂಗಿದೆ.