ಕ್ಲಚ್ ವೈರಿಗೆ ಬಿಟ್ಟ ಕೊಬ್ಬರಿ ಎಣ್ಣೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ನೀವೇ ‘ಇವನೆಂಥ ಮೇಷ್ಟ್ರು’ ಅನ್ನುತ್ತೀರಿ. ಅನ್ನಿ, ತಪ್ಪಿಲ್ಲ.

ನನ್ನ ಹತ್ತಿರ ಸೋದರಮಾವನ ಕಾಲದ ಒಂದು ಬೈಕಿದೆ. ಟ್ಯಾಂಕಿನ ಬಣ್ಣ ಹೋಗಿದೆ, ಸದ್ದು ಮಾತ್ರ ಹೋಗಿಲ್ಲ. ಅದರ ಮೇಲೆ ತುರುವೇಕೆರೆಯಿಂದ ಮಾಯಸಂದ್ರದ ಸ್ಕೂಲಿಗೆ ಹೋಗಿಬರುವುದೇ ನನಗಿರುವ ಜಂಬ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕ್ಲಚ್ ಹಿಡಿಯುವುದೆಂದರೆ ಬಾವಿಯಿಂದ ನೀರು ಸೇದಿದಷ್ಟು ಕಷ್ಟವಾಯಿತು. ಮಾಯಸಂದ್ರದ ಬಸ್ ಸ್ಟಾಂಡಿನ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾರೆ, ಅರವತ್ತು ದಾಟಿದವರು. ಹೊಸ ಗಾಡಿಗಳೆಲ್ಲ ಶೋರೂಮಿಗೆ ಹೋಗುತ್ತವೆ. ಅವರು ನಂಬಿಕೊಂಡಿರುವುದು ನಮ್ಮಂಥವರ ಹಳೇ ಗಾಡಿಗಳನ್ನು. ಅವರ ಕೈಕೆಲಸದ ಮೇಲೆ ಜನಕ್ಕಿರುವ ನಂಬಿಕೆಯೇ ಅವರ ಅನ್ನ.

ಅವರು ಹೊಸ ವೈರು ಎಳೆದು, ನಟ್ಟನ್ನು ಒಂದು ಸುತ್ತು ಬಿಗಿ ಮಾಡಿ, ಮತ್ತೆ ಅರ್ಧ ಸುತ್ತು ಬಿಟ್ಟು, ಲಿವರನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದರು.

“ಲಿವರ್ ಬುಡ್ದಾಗೆ ಒಂದು ಬೆಂಕಿಕಡ್ಡಿ ಹಿಡಿಸೋವಷ್ಟು ಸಡಿಲ ಬುಟ್ಟಿವ್ನಿ ಮೇಷ್ಟ್ರೇ. ವೈರಿಗೆ ಆಯಿಲ್ ಹಾಕಿವ್ನಿ. ಇನ್ನೇನೂ ಕೈಯಾಡಿಸ್ಬೇಡಿ.”

ಸುಮ್ಮನಿರುವ ಜಾಯಮಾನ ನನ್ನದಲ್ಲ. ಲಿವರ್ ಇನ್ನೂ ಸಲೀಸಾಗಬೇಕೆನ್ನಿಸಿತು. ನಮ್ಮ ಕಡೆ ಮನೆಯಲ್ಲಿ ಏನು ಕಿರಗುಟ್ಟಿದರೂ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಬಾಗಿಲಿನ ಕೀಲಿಗೆ ಅದೇ, ಹೊಲಿಗೆ ಮಿಷನ್ನಿಗೆ ಅದೇ, ಒಡೆದ ಹಿಮ್ಮಡಿಗೂ ಅದೇ. ನಮ್ಮದೇ ಅಟ್ಟದ ಕಾಯಿ, ನಮ್ಮದೇ ಕೊಬ್ಬರಿ, ತಿಪಟೂರಿನ ಗಾಣದಲ್ಲಿ ಆಡಿಸಿ ತಂದದ್ದು. ಒಂದು ಭಾನುವಾರ ಲಿವರಿನ ಕಡೆಗಿದ್ದ ವೈರಿನ ತುದಿ ಬಿಚ್ಚಿ, ಪೇಪರಿನ ಆಲಿಕೆ ಮಾಡಿ, ವೈರಿನೊಳಕ್ಕೆ ತುಂಬ ಎಣ್ಣೆ ಇಳಿಸಿದೆ.

“ತಲೆಗೆ ಹಾಕೋ ಎಣ್ಣೆ ಕಣ್ರೀ ಅದು” ಅಂದಳು ನನ್ನ ಹೆಂಡತಿ. ನಾನು ಲಿವರ್ ಹಿಡಿದು ತೋರಿಸಿದೆ. ಬೆಣ್ಣೆಯಂತಾಗಿತ್ತು.

ಧನುರ್ಮಾಸ ಬಂತು. ಬೆಳಿಗ್ಗೆ ಕ್ಲಚ್ ಗಟ್ಟಿ, ಮಧ್ಯಾಹ್ನ ಸಲೀಸು. ಅದೇ ದಿನಗಳಲ್ಲಿ ಬಚ್ಚಲಿನ ಗೂಡಿನಲ್ಲಿದ್ದ ಎಣ್ಣೆ ಬಾಟ್ಲಿ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತಿತ್ತು. ಅದನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಕರಗಿಸಿ, ತಲೆಗೆ ಹಚ್ಚಿಕೊಂಡೇ ಗಾಡಿ ಹತ್ತುತ್ತಿದ್ದೆ. ಘನ, ದ್ರವ ಎಂದು ಪಾಠ ಮಾಡುವಾಗ ನಾನು ಕೊಡುವ ಉದಾಹರಣೆಯೂ ಅದೇ. ಆದರೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಬಸ್ ಸ್ಟಾಂಡಿನ ಮುಂದೆ ಗಾಡಿ ನಿಲ್ಲಿಸಲು ಕ್ಲಚ್ ಎಳೆದೆ. ಬರಲಿಲ್ಲ. ಬಲವಾಗಿ ಎಳೆದೆ, ವೈರು ಪಟ್ಟೆಂದು ಕಿತ್ತುಹೋಯಿತು. ಗಾಡಿ ಹಾರಿ ಎಳನೀರಿನ ರಾಶಿಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ನಕ್ಕರು. ಆ ನಗು ತಡೆಯಲಾಗದೆ ನಾನು ಹೋಟೆಲಿನೊಳಕ್ಕೇ ಹೋಗಿ ಕೂಗಾಡಿದೆ. “ಡೂಪ್ಲಿಕೇಟ್ ವೈರು ಹಾಕಿ ಮೋಸ ಮಾಡಿದ್ದಾನೆ ಆ ಮನುಷ್ಯ!”

ಮಾತು ಮೆಕ್ಯಾನಿಕ್ಕಿನ ಶೆಡ್ಡಿಗೆ ಮುಟ್ಟಿತು. ಮಾರನೆಯ ಬೆಳಿಗ್ಗೆ ಹೊಸ ವೈರು ಹಿಡಿದು ಅವರೇ ಸ್ಕೂಲಿಗೆ ಬಂದರು. ಹಿಂದಿನ ದಿನ ತಳ್ಳಿಕೊಂಡು ಬಂದು ಹುಣಸೆಮರದ ನೆರಳಿನಲ್ಲಿ ನಿಲ್ಲಿಸಿದ್ದ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಹೆಡ್ಮೇಷ್ಟ್ರೂ ಇನ್ನಿಬ್ಬರು ಮೇಷ್ಟ್ರುಗಳೂ ಸುತ್ತ ನಿಂತರು. ಕಿತ್ತುಹೋದ ವೈರನ್ನು ಹೊರಗೆಳೆದರೆ ಮೈತುಂಬ ಬೆಳ್ಳಗೆ ಮೇಣದಂಥದ್ದು ಮೆತ್ತಿತ್ತು. ಅವರು ಬೆರಳಲ್ಲಿ ಉಜ್ಜಿ ಮೂಸಿದರು. ನನಗೆ ಆಗ ಎಲ್ಲ ತಿಳಿಯಿತು.

“ಮೇಷ್ಟ್ರೇ, ಕೊಬ್ರಿ ಎಣ್ಣೆ ಏನಾರ ಬುಟ್ಟಿದ್ರಾ?”

“ನಾನ್ಯಾಕೆ ಬಿಡ್ಲಿ? ನೀವೇ ಹಾಕಿದ್ದಿರ್ಬೇಕು” ಅಂದೆ.

ಬಾಯಿಂದ ಅಷ್ಟು ಸಲೀಸಾಗಿ ಬಂತು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

“ಇರ್ಬೋದು ಬುಡಿ. ವಯಸ್ಸಾಯ್ತು, ಯಾವ ಡಬ್ಬಿ ಎತ್ಕೊಂಡ್ನೋ.”

ನಾಲ್ಕು ಜನರ ಮುಂದೆ ಮೇಷ್ಟ್ರ ಮಾನ ಹೋಗಬಾರದೆಂದು ಅವರು ತಮ್ಮದನ್ನು ಕೊಟ್ಟರು. ನಾನು ತೆಗೆದುಕೊಂಡೆ. ಹೊಸ ವೈರು ಎಳೆದು, ಅದೇ ಬೆಂಕಿಕಡ್ಡಿಯಷ್ಟು ಸಡಿಲ ಬಿಟ್ಟು ಹೊರಟುಹೋದರು.

ಅವರು ಒಪ್ಪಿಕೊಂಡದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. “ಕ್ಲಚ್ ವೈರಿಗೆ ಕೊಬ್ರಿ ಎಣ್ಣೆ ಬುಡ್ತಾನಂತೆ ಕಣ್ಲಾ!” ಎಂದು ಹೋಟೆಲಿನಲ್ಲಿ ನಕ್ಕರು. ಪಕ್ಕದಲ್ಲೇ ಕೂತಿದ್ದ ನಾನೂ ನಕ್ಕೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ದಂಡಿನಶಿವರದಿಂದ ಅವರನ್ನೇ ಹುಡುಕಿಕೊಂಡು ಬರುತ್ತಿದ್ದವರು ತುರುವೇಕೆರೆಯ ಕಡೆ ತಿರುಗಿದರು. ನಾಲ್ಕೈದು ಬೈಕು ನಿಲ್ಲುತ್ತಿದ್ದ ಶೆಡ್ಡಿನ ಮುಂದೆ ಅವರು ಸೈಕಲ್ ಪಂಕ್ಚರ್ ಹಾಕುತ್ತ ಕೂತಿರುವುದನ್ನು ನೋಡತೊಡಗಿದೆ.

ಸಂಕ್ರಾಂತಿ ಕಳೆದ ಮೇಲೆ ತಡೆಯಲಾಗದೆ ಹೋದೆ. ಶೆಡ್ಡಿನಲ್ಲಿ ಅವರೊಬ್ಬರೇ ಇದ್ದರು.

“ಅವತ್ತು ಸುಳ್ಳು ಹೇಳಿದೆ. ಎಣ್ಣೆ ಬಿಟ್ಟದ್ದು ನಾನೇ” ಅಂದೆ.

ಅವರು ಟ್ಯೂಬಿನಿಂದ ತಲೆ ಎತ್ತಲಿಲ್ಲ.

“ಮೂಸಿದ್ ತಕ್ಷಣ ಗೊತ್ತಾಯ್ತು ಮೇಷ್ಟ್ರೇ. ನಂಗೆ ಗೊತ್ತಿರೋದ್ನ ನಂಗೇ ಹೇಳಿದ್ರೆ ಏನ್ ಬಂತು? ಹೋಟ್ಲಾಗೆ ಹೇಳಿ.”

ಆಗಲಿ ಎಂದು ಬಂದೆ. ಹೋಟೆಲು ಅಲ್ಲಿಂದ ಐವತ್ತು ಹೆಜ್ಜೆ. ಅಲ್ಲಿ ದಿನಾ ಎರಡು ಸಲ ಕಾಫಿ ಕುಡಿಯುತ್ತೇನೆ. ಯುಗಾದಿಯೂ ಕಳೆಯಿತು, ಇನ್ನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ಆ ಹೋಟೆಲಿಗೆ ಬರುವವರು ಯಾರೂ ಇದನ್ನು ಓದುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು.