ಮಸ್ಕತ್ತಿನ ದವಾಖಾನೆ ಕಾರ್ಡು

ನನ್ನ ಅತ್ತೆಗೆ ಮಗನ ಪಗಾರಕ್ಕಿಂತ ಮಗನ ದವಾಖಾನೆ ಕಾರ್ಡಿನ ಮೇಲೆ ಹೆಚ್ಚು ಜೀವ. ಹಸಿರು ಬಣ್ಣದ ಪ್ಲಾಸ್ಟಿಕ್ಕಿನ ಕಾರ್ಡು, ಮೂಲೆಯಲ್ಲಿ ನನ್ನ ಗಂಡನ ಸಣ್ಣ ಫೋಟೋ, ಸುತ್ತ ಅರಬ್ಬಿ ಅಕ್ಷರ. ಮಸ್ಕತ್ತಿನಿಂದ ಮೊದಲ ಸಲ ರಜೆಗೆ ಬಂದಾಗ ಅವರು ಅದನ್ನು ತೋರಿಸಿದರು. ಅತ್ತೆ ಸೆರಗಿನಿಂದ ಒರೆಸಿ ಕಣ್ಣಿಗೆ ಒತ್ತಿಕೊಂಡಳು.

“ಇದನ್ನ ತೋರಿಸಿದ್ರ ಸಾಕಬೇ ಅವ್ವ. ಡಾಕ್ಟರು, ಗುಳಿಗಿ, ಸೂಜಿ, ಆಪರೇಷನ್, ಎಲ್ಲಾ ಕಂಪನೀದು” ಅಂದರು ಅವರು.

“ಖರೇನ ಲೇ? ಒಟ್ಟs ರೊಕ್ಕ ಕೇಳಂಗಿಲ್ಲ?”

“ಒಟ್ಟs ಕೇಳಂಗಿಲ್ಲ.”

ಅಷ್ಟೇ, ಆವತ್ತಿನಿಂದ ನೆಲೋಗಿಯ ನಮ್ಮ ಓಣಿಯವರಿಗೆ ಆ ಕಾರ್ಡಿನ ಸುದ್ದಿ ಕೇಳಿ ಕೇಳಿ ಕಿವಿ ತೂತು ಬಿತ್ತು. ಬಾವಿಯ ಹತ್ತಿರ ಯಾರಾದರೂ ನೆಗಡಿ ಅಂದರೆ ಸಾಕು, “ನನ್ನ ಮಗಗ ಒಂದು ಸೀನು ಬಂದ್ರೂ ಕಂಪನಿಯವ್ರೇ ಬಂದು ಮೂಗು ಒರಸ್ತಾರ” ಎಂದು ಶುರು ಮಾಡುತ್ತಿದ್ದಳು. ನೆರೆಮನೆಯವಳು “ಮತ್ತ ನಿನಗ ಸೀನು ಬಂದ್ರ ಯಾರು ಒರಸ್ತಾರ ಬೇ?” ಎಂದು ಕಾಡಿಸಿದರೆ, “ನನಗೇನು ಧಾಡಿ, ಸೊಸಿ ಅದಾಳಲ್ಲ” ಎಂದು ನನ್ನ ಕಡೆ ಗದ್ದ ತಿರುವುವಳು. ನನಗೆ ಸಿಟ್ಟೂ ಬರುತ್ತಿತ್ತು, ನಗೂ ಬರುತ್ತಿತ್ತು.

ಅವಳ ಹಿಗ್ಗಿಗೆ ಕಾರಣವಿತ್ತು, ಅದನ್ನೂ ಹೇಳಬೇಕು. ನಾನು ಸೊಸೆಯಾಗಿ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ಹೊಟ್ಟೆನೋವೆಂದು ಹೊರಳಾಡುವವರನ್ನು ಜೇವರ್ಗಿಗೆ ಒಯ್ಯಬೇಕು, ಊರಿಗೆ ಬರುವುದು ಒಂದೇ ಬಸ್ಸು, ಅದು ಆವತ್ತು ತಡವಾಗಿ ಬಂತು. ದವಾಖಾನೆ ಮುಟ್ಟುವ ಮೊದಲೇ ಬಸ್ಸಿನಲ್ಲಿ ಅತ್ತೆಯ ತೊಡೆಯ ಮೇಲೆ ಜೀವ ಹೋಯಿತು. ಹಾಗಾಗಿ ಎಂಬತ್ತರ ದಶಕದ ಆರಂಭದಲ್ಲಿ ಮಗ ಮಸ್ಕತ್ತಿಗೆ ಹೋಗುತ್ತೇನೆ ಅಂದಾಗ ಅವಳು ಕೇಳಿದ್ದು ಒಂದೇ ಮಾತು, ಅಲ್ಲಿ ಜಡ್ಡಾದರೆ ಯಾರು ನೋಡ್ತಾರೆ ಅಂತ. ಕಂಪನಿ ನೋಡ್ತದೆ ಅಂದಮೇಲೆ ಹೂಂ ಅಂದಳು. ನನ್ನನ್ನು ಯಾರೂ ಕೇಳಲಿಲ್ಲ ಬಿಡಿ. ಮದುವೆಯಾಗಿ ವರ್ಷವೂ ಆಗಿರಲಿಲ್ಲ.

ಅಲ್ಲಿ ಅವರದು ಕಟ್ಟಡಕ್ಕೆ ಕಬ್ಬಿಣದ ಸರಳು ಬಾಗಿಸುವ ಕೆಲಸ. ಕೋಣೆಯಲ್ಲಿ ಜೊತೆಗಿದ್ದವನು ಆಳಂದದ ಒಬ್ಬ ಸಾಬರ ಹುಡುಗ, ಕಂಪನಿಯ ಡ್ರೈವರ್. ಇಬ್ಬರಿಗೂ ಕಾಗದ ಬರೆಯುವುದೆಂದರೆ ತಲೆನೋವು. ಗಲ್ಫಿಗೆ ಹೋದ ಎಲ್ಲರ ಹಾಗೆ ಇವರೂ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ರಜೆಗೆ ಬರುವವರ ಕೈಯಲ್ಲಿ ಅದು ಆಳಂದಕ್ಕೆ ಬಂದು, ಅಲ್ಲಿಂದ ಬಸ್ಸಿನವರ ಕೈಯಲ್ಲಿ ಜೇವರ್ಗಿಗೆ ಬಂದು, ಹೇಗೋ ನಮ್ಮ ಮನೆ ಮುಟ್ಟುತ್ತಿತ್ತು. ಅವರೇ ತಂದಿಟ್ಟ ಟೇಪ್ ರೆಕಾರ್ಡರನ್ನು ಜಗುಲಿಯ ಮೇಲಿಟ್ಟು ಕೇಳುತ್ತಿದ್ದೆವು. ಅತ್ತೆ ಆ ಪೆಟ್ಟಿಗೆಗೇ “ಉಂಡೇನಪಾ?” ಎಂದು ಕೇಳುತ್ತಿದ್ದಳು. ಅತ್ತೆಯ ಎದುರಿಗೆ ಕೇಳುವ ಕ್ಯಾಸೆಟ್ಟಿನಲ್ಲಿ ಗಂಡ ಹೆಂಡತಿಗೆ ಏನು ಹೇಳಿಯಾನು? “ಆಕೀನೂ ಅರಾಮ ಅದಾಳಲ್ಲ?” ಇಷ್ಟೇ ನನ್ನ ಪಾಲು. ಆ ‘ಆಕೀನೂ’ ಅನ್ನುವ ಮಾತನ್ನು ನಾನು ಮನೆಯಲ್ಲಿ ಯಾರೂ ಇಲ್ಲದಾಗ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆ.

ಎರಡನೆಯ ರಜೆ ಮುಗಿಸಿ ಹೋದ ಮೇಲೆ ಬಂದ ಕ್ಯಾಸೆಟ್ಟಿನಲ್ಲಿ ಕೆಮ್ಮು ಇತ್ತು. ಮಾತಿಗಿಂತ ಕೆಮ್ಮೇ ಹೆಚ್ಚು. ಅತ್ತೆ ನಿಶ್ಚಿಂತಳಾಗಿದ್ದಳು. “ಕಾರ್ಡ್ ಅದಲ್ಲ, ಫಿಕರ್ ಯಾಕ?” ಅಂದಳು. ಅದರ ಮುಂದಿನ ಕ್ಯಾಸೆಟ್ಟಿನಲ್ಲಿ ಅವರು ಮೆಲ್ಲಗೆ ಮಾತಾಡಿದ್ದರು.

“ಅವ್ವಾ, ಕಾರ್ಡ್ ತೊಗೊಂಡು ದವಾಖಾನಿಗಿ ಹೋಗಿದ್ದೆ. ಔಷಧ ಬಾಟ್ಲಿ ಕೊಟ್ಟಾರ, ಕಮ್ಮಿ ಆಗವಲ್ದು. ಎದಿ ಫೋಟೋ ತಗೀಬೇಕು ಅಂತಾರ. ಫೋಟೋ ತಗೀವಾಗ ಕೊಳ್ಳಾಗಿನ ಲಿಂಗ ತಗದು ಹೊರಗ ಡಬ್ಬ್ಯಾಗ ಇಟ್ಟು ಬಾ ಅಂತಾರ. ನಾ ಒಲ್ಲೆ ಅಂತ ಎದ್ದು ಬಂದೀನಿ. ಏನು ಮಾಡ್ಲಿ ಹೇಳು.”

ನಮ್ಮ ಮಂದಿಯ ಪದ್ಧತಿ ಗೊತ್ತಿಲ್ಲದವರಿಗೆ ಇದು ಹುಚ್ಚು ಎನಿಸಬಹುದು. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವತನಕ ಮೈ ಬಿಟ್ಟು ಹೋಗಬಾರದು. ಗಂಡಸರಾಗಲಿ ಹೆಂಗಸರಾಗಲಿ ಎಲ್ಲರ ಎದೆಯ ಮೇಲೂ ಇರುತ್ತದೆ. ನನ್ನ ಅತ್ತೆ ಈ ವಿಷಯದಲ್ಲಿ ಬಲು ಗಟ್ಟಿ. ಮಗ ಚಿಕ್ಕವನಿದ್ದಾಗ ಹಳ್ಳದಲ್ಲಿ ಈಜುವಾಗ ದಾರ ಹರಿದುಕೊಂಡು ಬಂದನೆಂದು, ಲಿಂಗ ಸಿಗುವವರೆಗೆ ಅವನಿಗೆ ಒಂದು ತುತ್ತು ಕೊಡದೆ ತಾನೂ ಉಪವಾಸ ಕೂತವಳು. ಮಸ್ಕತ್ತಿಗೆ ಹೊರಟ ದಿನವೂ ಬಸ್ಸು ಬಿಡುವತನಕ ಕಿಟಕಿ ಹಿಡಿದು, “ಎಲ್ಲಿದ್ದರೂ ಮೈ ಮ್ಯಾಲಿಂದು ಇಳಿಸಬ್ಯಾಡಪಾ” ಎಂದೇ ಹೇಳಿದ್ದಳು.

“ಅಯ್ಯ ನನ ಶಿವನೆ! ಡಬ್ಬ್ಯಾಗ ಇಡ್ಬೇಕಂತ!” ಎಂದು ಎದೆ ಹಿಡಿದುಕೊಂಡಳು. “ಹಾಕು ಅದಕ್ಕ ಬ್ಯಾರೆ ಕ್ಯಾಸೆಟ್ಟು. ಈಗಿಂದೀಗ ಹೇಳ್ತೇನಿ.”

ನಾನು ಖಾಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಅವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತಡೆಯಲಿಲ್ಲ.

“ತಗದು ಇಡ್ಲಿ ಬಿಡ್ರಿ ಅತ್ತಿ. ಒಂದು ಗಳಿಗಿ ತಗದ್ರ ಏನು ಮುಳುಗಿ ಹೋಗ್ತದ?”

“ಬಾಯಿ ಮುಚ್ಚಬೇ! ಅತನೂರಾಗ ನಿಮ್ಮವ್ವ ಇದನ್ನs ಕಲಿಸ್ಯಾಳೇನು?”

“ನಮ್ಮವ್ವನ ಸುದ್ದಿಗಿ ಹೋಗಬ್ಯಾಡ್ರಿ. ಕೆಮ್ಮು ಕೇಳಿದ್ರಿಲ್ಲೋ? ಜೀವ ಉಳದ್ರ ನಾಳಿ ಬೇಕಾದಷ್ಟು ಪೂಜಿ ಮಾಡ್ತಾರ. ಏನ್ರಿ, ಕೇಳಾಕತ್ತೀರೇನು? ತಗದು ಇಟ್ಟು ಫೋಟೋ ತಗಸಿಕೋರಿ!”

“ತಗೀಬ್ಯಾಡ ನನ ಮಗನ! ಇಕಿ ಮಾತು ಕೇಳಬ್ಯಾಡ. ಮೈ ಬಿಟ್ಟು ಇಳಿಸಿದ್ರ ನನ್ನ ಹೆಣಾ ನೋಡಿದಂಗ. ಫೋಟೋ ಇಲ್ಲದs ಔಷಧ ಕೊಡು ಅಂತ ಕೇಳು. ಕಾರ್ಡ್ ತೋರಿಸು!”

ಹೀಗೆ ಒಂದು ಬದಿ ಪೂರ್ತಿ ತುಂಬುವತನಕ ಜಗಳಾಡಿದೆವು. ಗಂಡನ ಜೊತೆ ಎದುರಿಗೇ ಮಾತಾಡಲು ನಾಚುತ್ತಿದ್ದ ನಾನು ಆವತ್ತು ಅತ್ತೆಯ ಮುಂದೆಯೇ ಅವರಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ನೀವಿಲ್ಲದೆ ನಾನು ಇರಲಾರೆ ಎಂದೂ ಅಂದೆ. ಟೇಪು ಟಕ್ಕೆಂದು ನಿಂತಾಗ ಇಬ್ಬರೂ ಅಳುತ್ತಿದ್ದೆವು. ಅದೇ ಕ್ಯಾಸೆಟ್ಟೇ ಹೋಯಿತು. ಬೇರೆ ಖಾಲಿ ಕ್ಯಾಸೆಟ್ ಮನೆಯಲ್ಲಿರಲಿಲ್ಲ, ಮಸ್ಕತ್ತಿಗೆ ಹೋಗುವವನು ಆಳಂದದಿಂದ ಮರುದಿನವೇ ಹೊರಡುವವನಿದ್ದ.

ಆಮೇಲೆ ಕಾಯುವುದೊಂದೇ ಕೆಲಸ. ಅತ್ತೆ ಮತ್ತು ನಾನು ಒಂದೇ ಒಲೆಯ ಮುಂದೆ ರೊಟ್ಟಿ ಬಡಿದರೂ ಮಾತಿಲ್ಲ. ಅವರು ಯಾರ ಮಾತು ಕೇಳುತ್ತಾರೆ ಎಂಬುದೇ ಇಬ್ಬರ ತಲೆಯಲ್ಲೂ. ತೊಗರಿ ರಾಶಿಯ ಹೊತ್ತಿಗೆ ಅತ್ತೆಯೇ ಸೋತು, “ಫೋಟೋ ತಗಸ್ಯಾನೋ ಏನೋ ಬೇ. ತಗಸಿದ್ರ ತಗಸಲಿ, ಶಿವ ತಿಳ್ಕೋತಾನ” ಅಂದಳು. ಕಟ್ಟೆಯ ಮೇಲೆ ಕೂತು ಅವಳು ಆ ಮಾತು ಅಂದದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಹೊಸ ಕ್ಯಾಸೆಟ್ ತರಲು ನಾಳೆ ಜೇವರ್ಗಿಗೆ ಹೋಗು ಎಂದೂ ಹೇಳಿದಳು.

ನಾನು ಜೇವರ್ಗಿಯಿಂದ ಕ್ಯಾಸೆಟ್ ತಂದೆ. ಅದನ್ನು ತುಂಬುವ ಮೊದಲೇ ಮಸ್ಕತ್ತಿನಿಂದ ತಾರು ಬಂತು.

ಹೆಣವನ್ನು ವಿಮಾನದಲ್ಲಿ ಬಾಂಬೆಗೆ, ಅಲ್ಲಿಂದ ಸೊಲ್ಲಾಪುರದ ಮೇಲೆ ವ್ಯಾನಿನಲ್ಲಿ ಊರಿಗೆ ತಂದರು. ಆ ಖರ್ಚೂ ಕಾರ್ಡಿನಲ್ಲೇ ಸೇರಿತ್ತಂತೆ. ಜೀವ ಇರುವಾಗ ಬರೀ ಔಷಧದ ಬಾಟಲಿ ಕೊಟ್ಟ ಕಾರ್ಡು ಸತ್ತ ಮೇಲೆ ವಿಮಾನ ಹತ್ತಿಸಿತು. ಸುಡಲಿ! ಜೊತೆಗೆ ಬಂದವನು ಕೋಣೆಯ ಜೋಡಿದಾರ, ಆ ಆಳಂದದ ಡ್ರೈವರ್. ಅವನನ್ನು ನಾವು ಅದೇ ಮೊದಲು ನೋಡಿದ್ದು. ಅತ್ತೆಯ ಕಾಲ ಹತ್ತಿರ ಕುಸಿದು ಕೂತು ತಾನೇ ತಮ್ಮನನ್ನು ಕಳೆದುಕೊಂಡವನಂತೆ ಅತ್ತ.

ಪೆಟ್ಟಿಗೆ ಬಿಚ್ಚಿದರು. ನಮ್ಮಲ್ಲಿ ಮಣ್ಣು ಕೊಡುವಾಗ ಎದೆಯ ಮೇಲಿನ ಲಿಂಗವನ್ನು ಸತ್ತವರ ಎಡಗೈಯಲ್ಲಿ ಇಡುತ್ತಾರೆ. ಅದಕ್ಕೆಂದು ಬಂದಿದ್ದ ಮಠದ ಸ್ವಾಮಿಗಳು, ನಮ್ಮ ಅಪ್ಪನವರು, ಕೊರಳು ನೋಡಿದರೆ ಬರೀ ಕೊರಳು. ಅತ್ತೆ ಚಿಟ್ಟನೆ ಚೀರಿದಳು. “ತಗಸಿಬಿಟ್ರಾ? ನನ್ನ ಮಗನ ಮೈ ಮ್ಯಾಲಿಂದು ತಗಸಿಬಿಟ್ರಾ?”

“ಇಲ್ರಿ ಅಮ್ಮಾ, ಅಲ್ಲೇ ಅದ. ಕೈ ನೋಡ್ರಿ” ಅಂದ ಡ್ರೈವರ್.

ಎಡಗೈಯ ಮುಷ್ಟಿಗೆ ಒಂದು ಚೌಕಳಿಯ ಕರವಸ್ತ್ರ ಸುತ್ತಿತ್ತು. ಅಪ್ಪನವರು ಬಿಚ್ಚಿದರು. ದಾರದ ಸಮೇತ ಲಿಂಗ ಅಂಗೈಯಲ್ಲಿತ್ತು.

“ಇದನ್ನ ಕಟ್ಟಿದವರ್ಯಾರಪಾ?” ಎಂದು ಕೇಳಿದರು.

“ನಾನs ರಿ ಅಜ್ಜಾರ. ಸೈಟ್ ಮ್ಯಾಲ ಬೇಹೋಶ್ ಆಗಿ ಬಿದ್ದ, ಗಾಡ್ಯಾಗ ಹಾಕ್ಕೊಂಡು ದವಾಖಾನಿಗಿ ಒಯ್ದೆ. ಎದಿ ಫೋಟೋ ತಗೀಬೇಕು ಅಂತ ಕೊಳ್ಳಾಗಿನ ದಾರ ಕತ್ತರಿಸಾಕ ಬಂದ್ರು. ತಡೀರಿ ಅಂದೆ. ಇವ ದಿನಾ ಮುಂಜಾನಿ ಜಳಕ ಮಾಡಿ ಇದನ್ನ ತಗದು ಎಡಗೈ ಮ್ಯಾಲ ಇಟ್ಕೊಂಡು ಕುಂದರ್ತಿದ್ನಲ್ರಿ, ನಾ ಮಂಚದ ಮ್ಯಾಲಿಂದ ನೋಡ್ತಿದ್ದೆ. ಅದಕ್ಕ ಹಂಗs ಕೈಯಾಗಿಟ್ಟು ಕರ್ಚೀಪ ಸುತ್ತಿದೆ. ಮೈ ಮ್ಯಾಲ ಇದ್ದಂಗೂ ಆತು, ಫೋಟೋನೂ ಬಂತು.”

ಅವನು ನಮಗೆ ಸಮಾಧಾನ ಆಗಲೆಂದು ಇನ್ನೂ ಹೇಳುತ್ತಲೇ ಇದ್ದ.

“ಎದಿಯೊಳಗ ನೀರು ತುಂಬಿತ್ತಂತ. ಜಲ್ದಿ ಫೋಟೋ ತಗದಿದ್ರ ಸೂಜಿ ಹಾಕಿ ತಗೀತಿದ್ವಿ, ಬದುಕ್ತಿದ್ದ ಅಂದ್ರು ಡಾಕ್ಟರ್. ನಾ ಹಿಂದs ಕೇಳಿದ್ದೆ, ಯಾಕ ಒಲ್ಲೆ ಅಂತಿ ಅಂತ. ಊರಿಂದ ಅವ್ವನ ಮಾತು ಬರಲಿ ಅಂತಿದ್ದ, ಬ್ಯಾರೆ ಏನೂ ಹೇಳ್ಲಿಲ್ಲ. ಮಷೀನಿಗಿ ಅಂಜ್ಯಾನ ಅಂತ ತಿಳಿದೆ. ಆಮ್ಯಾಲ ನಿಮ್ಮ ಕ್ಯಾಸೆಟ್ ಬಂತು. ಊರಿನ ಕ್ಯಾಸೆಟ್ ಹಾಕಿದ್ರ ಕೋಣಿ ಖಾಲಿ ಮಾಡಿ ಹೊರಗ ಹೋಗೋದು ನಮ್ಮಲ್ಲಿ ರಿವಾಜ್ ರಿ. ನಾ ಹೊರಗ ಇದ್ದೆ. ಒಳಗ ಒಬ್ಬನs ನಗಾಕತ್ತಿದ್ದ, ಆಮ್ಯಾಲ ಅಳಾಕತ್ತಿದ್ದ. ದಿನಾ ಅದನ್ನs ಹಾಕ್ತಿದ್ದ.”

ನಾನು ಆ ಹುಡುಗನ ಮುಖ ನೋಡಿದೆ. ಅವನು ಕೋಣೆಯಲ್ಲಿ ಉಳಿದು ನಮ್ಮ ಜಗಳ ಕೇಳಿದ್ದರೆ ಸಾಕಿತ್ತು. ಅಷ್ಟು ಮರ್ಯಾದೆಯವನಾಗದೆ, ಬಾಗಿಲಿಗೆ ಕಿವಿ ಕೊಡುವ ಹಲ್ಕಟ್ಟನಾಗಿದ್ದರೆ ನನ್ನ ಗಂಡ ಬದುಕುತ್ತಿದ್ದರು.

ಅತ್ತೆ ಅಳಲಿಲ್ಲ. ತನ್ನ ಎಡಗೈಯನ್ನು ಮುಂದೆ ಹಿಡಿದು ಅಂಗೈ ನೋಡುತ್ತ ನಿಂತಿದ್ದಳು. ನಾನೂ ನನ್ನದನ್ನು ನೋಡಿಕೊಂಡೆ. ದಿನಾ ಮುಂಜಾನೆ ಸ್ನಾನ ಮಾಡಿ ನಾವಿಬ್ಬರೂ ಅಕ್ಕಪಕ್ಕ ಕೂತು ಮಾಡುತ್ತಿದ್ದ ಕೆಲಸ ಅದೇ. ಎದೆಯಿಂದ ಬಿಚ್ಚಿ, ಎಡಗೈಯ ಮೇಲೆ ಇಟ್ಟು, ಪತ್ರಿ ಏರಿಸುವುದು. ಜಗಳ ಆಡಿದ ದಿನ ಮುಂಜಾನೆಯೂ ಮಾಡಿದ್ದೆವು. ಒಂದು ಬದಿ ಪೂರ್ತಿ ತೆಗೆ, ತೆಗೀಬ್ಯಾಡ ಎಂದು ಕಿರುಚಾಡಿದೆವು. ಕೈಯಲ್ಲಿ ಹಿಡಿದುಕೋ ಅನ್ನುವುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ, ಅಷ್ಟು ದೂರದಲ್ಲಿ ಭಾಷೆ ಬಾರದ ಮಂದಿಯ ನಡುವೆ ಕೂತ ಅವರಿಗೂ ಹೊಳೆಯಲಿಲ್ಲ.

ಅಪ್ಪನವರು ಕರವಸ್ತ್ರವನ್ನು ಮತ್ತೆ ಹಾಗೆಯೇ ಸುತ್ತಿದರು. “ನಾ ಕಟ್ಟೋದು ಏನೂ ಉಳಿದಿಲ್ಲವ್ವ” ಅಂದರು. ಹಾಗೆಯೇ ಮಣ್ಣು ಕೊಟ್ಟೆವು.

ಡ್ರೈವರ್ ಮತ್ತೆ ಮಸ್ಕತ್ತಿಗೆ ಹೋಗಲಿಲ್ಲ, ಆಳಂದದಲ್ಲೇ ಜೀಪು ಹೊಡೆದುಕೊಂಡು ಇದ್ದ. ಆಗಾಗ ಬಂದು ಅತ್ತೆಯ ಕೈಯ ರೊಟ್ಟಿ ಉಂಡು ಹೋಗುತ್ತಿದ್ದ. ಅವಳು ಅವನನ್ನು ಒಂದು ದಿನವೂ ಏನೂ ಕೇಳಲಿಲ್ಲ. ನನ್ನನ್ನೂ ಬೈಯಲಿಲ್ಲ, ಅವಳ ಬೈಗುಳವೇ ನಿಂತುಹೋಯಿತು. ಬೈಯಲಿ ಎಂದು ಬೇಕೆಂದೇ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿ ನೋಡಿದೆ. ಸುಮ್ಮನೆ ಉಂಡಳು.

ಪೂಜೆ ಮಾತ್ರ ಬಿಡಲಿಲ್ಲ. ಸಾಯುವತನಕ ದಿನಾ ಮುಂಜಾನೆ ನನ್ನ ಪಕ್ಕ ಕೂತು ಲಿಂಗವನ್ನು ಎದೆಯಿಂದ ಬಿಚ್ಚಿ ಎಡಗೈಗೆ ಇಟ್ಟುಕೊಳ್ಳುವಳು. ಅಲ್ಲಿಗೆ ಪತ್ರಿ ಏರಿಸುವುದು ಮರೆತು ಅಂಗೈಯನ್ನೇ ನೋಡುತ್ತ ಕೂತುಬಿಡುವಳು. ನಾನು ಕೆಳಗಿನಿಂದ ನನ್ನ ಕೈ ಕೊಟ್ಟು ಹಿಡಿಯುತ್ತಿದ್ದೆ. ಅವಳು ನನ್ನ ಮುಖ ನೋಡಿ, ಮೊದಲ ಸಲ ಹೇಳುವವಳ ಹಾಗೆ, ದಿನಾ ಅದೇ ಮಾತು ಹೇಳುವಳು.

“ಇಷ್ಟs ಮಾಡಿದ್ರ ಆಗ್ತಿತ್ತಲ್ಲ ಬೇ.”

“ಹೌದ್ರಿ ಅತ್ತಿ” ಅನ್ನುತ್ತಿದ್ದೆ.